ಟರ್ನರ್ ಸಾಬ್

ಮಗಳನ್ನು ನೋಡಲು ಬರುವವರನ್ನು ಲಿಫ್ಟು ಆರನೆಯ ಮಹಡಿಯಲ್ಲಿ ಹಿಡಿದುಕೊಂಡು ನಿಲ್ಲಬಹುದಿತ್ತು. ಗಚ್ಚಿಬೌಲಿಯ ಟ್ರಾಫಿಕ್ಕಿಗೆ ಬೇಸತ್ತು ಅವರು ಅರ್ಧದಾರಿಯಿಂದಲೇ ಸಿಕಂದರಾಬಾದಿಗೆ ವಾಪಸಾಗಬಹುದಿತ್ತು. ಗೇಟಿನ ಕಾವಲುಗಾರ ನಾಳೆ ಬೀಗರಾಗುವವರನ್ನು ಕೊರಿಯರ್‌ನವರ ಸಾಲಿಗೆ ಸೇರಿಸಬಹುದಿತ್ತು. ಉಪ್ಪಿಟ್ಟು ಗಂಟಾಗಬಹುದಿತ್ತು. ಹುಡುಗ ಕೇಳುವ ಮೊದಲೇ ಮಗಳು ಅವನಿಗೆ ನಾಲ್ಕು ಪ್ರಶ್ನೆ ಕೇಳಬಹುದಿತ್ತು. ಇವೆಲ್ಲ ನನ್ನ ಚಿಂತೆಯ ಪಟ್ಟಿಯಲ್ಲಿ ಚಿಲ್ಲರೆ ಬಾಬತ್ತುಗಳು. ಎಲ್ಲಕ್ಕಿಂತ ಮೇಲಿದ್ದದ್ದು ಒಂದೇ: ಅಪ್ಪ ತಾನು ಟರ್ನರ್ ಎಂದು ಹೇಳಿಬಿಡಬಹುದಿತ್ತು.

ಪಟಾನ್‌ಚೆರುವಿನ ಒಂದು ಕಾರ್ಖಾನೆಯಲ್ಲಿ ಅಪ್ಪ ಮೂವತ್ತು ವರ್ಷ ಲೇಥ್ ಯಂತ್ರದ ಮುಂದೆ ನಿಂತವನು. ಗರಗರ ತಿರುಗುವ ಕಬ್ಬಿಣವನ್ನು ಕೊರೆದು ಅಳತೆಗೆ ತರುವವನೇ ಟರ್ನರ್. ನಮ್ಮ ಗಲ್ಲಿಯಲ್ಲಿ ಕಸುಬೇ ಅವನ ಹೆಸರಾಗಿತ್ತು. ನೆರೆಯವರಿಗೆ ‘ಟರ್ನರ್ ಸಾಬ್’, ಬಾಡಿಗೆ ಮನೆಯ ತೆಲುಗು ಒಡತಿಗೆ ‘ಟರ್ನರ್‌ಗಾರು’. ಶಾಲೆಯಲ್ಲಿ ನಾನು ಟರ್ನರ್‌ಗಾರಿ ಅಬ್ಬಾಯಿ, ಟರ್ನರ್ ಅವರ ಹುಡುಗ. ಆಗ ನನಗೆ ನಾಚಿಕೆಯಿರಲಿಲ್ಲ. ಅದು ಆಮೇಲೆ, ಸಂಬಳದ ಜೊತೆ ಬಂತು.

ಕೆಲವು ತಿಂಗಳ ಹಿಂದೆ ಇಂಗ್ಲೆಂಡಿನಿಂದ ನಮ್ಮ ಆಫೀಸಿಗೆ ಹೊಸ ಮ್ಯಾನೇಜರ್ ಬಂದ. ಅವನ ಅಡ್ಡಹೆಸರು ಟರ್ನರ್. ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ.

“ಯಾವ ಕಾರ್ಖಾನ್ಯಾಗ ಇದ್ನಂತ?”

“ಕಾರ್ಖಾನಿ ಅಲ್ಲಪ್ಪಾ. ಅದು ಅವರ ಮನೆತನದ ಹೆಸರು. ಹಿಂದ ಯಾರೋ ಆ ಕೆಲಸ ಮಾಡಿರ್ತಾರ, ಈಗ ಬರೇ ಹೆಸರು.”

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಮುತ್ತ್ಯಾನ ಕಸಬು ಇನ್ನೂ ಹೆಸರಿನ್ಯಾಗ ಇಟ್ಕೊಂಡಾರ? ಸೂಟು ಹಾಕ್ಕೊಂಡ ಮ್ಯಾಲೂ? ಭಾಳ ನಿಯತ್ತಿನ ಮಂದಿ ಬಿಡು.”

ನಾನು ಬೇಡವಾಗಿದ್ದರೂ ಇನ್ನಷ್ಟು ಪಲ್ಯ ಹಾಕಿಕೊಂಡೆ.

ಆ ಮಾತು ಕೇಳಿದ್ದ ನಾನೇ, ಹುಡುಗನ ತಂದೆ ಫೋನಿನಲ್ಲಿ ಮನೆತನ ವಿಚಾರಿಸಿದಾಗ ಹೊರಗೆ ಅಪ್ಪ ಕೂತಿದ್ದಾನೆಂದು ಕೋಣೆಯ ಬಾಗಿಲು ಮುಂದಕ್ಕೆ ಎಳೆದು, “ನಮ್ಮಪ್ಪಾರು ಎಂಜಿನಿಯರಿಂಗ್ ಲೈನಿನ್ಯಾಗ ಇದ್ರು ನೋಡ್ರಿ” ಎಂದೆ.

“ಸುಳ್ಳೇನಲ್ಲ, ಹೌದಲ್ಲ?” ಎಂದು ಹೆಂಡತಿಯನ್ನು ಕೇಳಿದೆ.

“ಖರೇನೂ ಅಲ್ರಿ” ಎಂದಳು.

ಅಪ್ಪನಿಗೆ ಈ ವಿಷಯ ಹೇಳಲು ಬಾಯಿ ಬರಲಿಲ್ಲ. ಹೇಗೆ ಹೇಳುವುದು? ನೀನು ಆ ದಿನ ನೀನಾಗಿರಬೇಡ ಎಂದೇ?

ಅವರು ಬಂದರು. ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಮಗಳು ಪ್ರಶ್ನೆ ಕೇಳಿದಳು, ನಿಜ. ಹುಡುಗ ನಗುತ್ತಲೇ ಉತ್ತರ ಕೊಟ್ಟ. ಅವನ ತಂದೆ ಚಹಾದ ಬಟ್ಟಲು ಹಿಡಿದು ಅಪ್ಪನ ಪಕ್ಕಕ್ಕೆ ಸರಿದು ಕೂತರು.

“ನಮ್ಮಪ್ಪ ರೈಲ್ವೆದಾಗ ಫಿಟರ್ ಇದ್ರು, ಕಾಕಾರ. ಕೈ ನೋಡಿದ್ರ ಸಾಕು, ಯಂತ್ರದವ ಅಂತ ತಿಳೀತಿತ್ತು. ನೀವೇನ್ ಮಾಡ್ತಿದ್ರಿ?”

ನನ್ನ ಉಸಿರು ಹಗುರಾಯಿತು. ಹೇಳಪ್ಪಾ, ಈಗ ಹೇಳಿಬಿಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅಪ್ಪ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದ. ನನ್ನ ಕಡೆ ನೋಡಲಿಲ್ಲ.

“ಎಂಜಿನಿಯರಿಂಗ್ ಲೈನಿನ್ಯಾಗ ಇದ್ದೆ ನೋಡ್ರಿ” ಎಂದ.