ನೇರಳೆ ಬೆಳಕಿನ ಗಾಜಿನ ಕೊಳವೆ

ಬಂದರು ಪಟ್ಟಣ ಪೋರ್ಟ್ ಸೈದ್‌ನ ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಇನ್ಶಿರಾಳ ಬ್ಯೂಟಿ ಪಾರ್ಲರ್. ಗಂಡ ಬಿಟ್ಟುಹೋದ ಮೇಲೆ ಮದುಮಕ್ಕಳ ಕೈಗೆ ಮದರಂಗಿ ಹಚ್ಚುತ್ತ ಕಸುಬು ಕಲಿತವಳು. ಹೊಸ ಯಂತ್ರಕ್ಕೆ ಮೊದಲ ಸಲ ಸ್ವಿಚ್ ಹಾಕಿದಾಗ, ಗಾಜಿನ ಕೊಳವೆಯೊಳಗೆ ನೇರಳೆ ಬೆಳಕು ಚರಚರ ಎಂದದ್ದಕ್ಕೆ ಬೆಚ್ಚಿ ಕುರ್ಚಿಯ ಹಿಂದೆ ಅವಿತಿದ್ದಳು. ಕ್ರಮೇಣ ಅದೇ ಹೊಟ್ಟೆಪಾಡಾಯಿತು. ಮೊಡವೆಗೂ ಅದೇ, ಉದುರುವ ಕೂದಲಿಗೂ ಅದೇ.

ಆ ಮಧ್ಯಾಹ್ನ ಕೂದಲುದುರುತ್ತಿದೆಯೆಂದು ಬಂದವರು ಪಕ್ಕದ ಬೀದಿಯ ವಿಧವೆ ಹಿಕ್ಮತ್.

“ಇದಕ್ಕೇನಂತಾರೆ?”

“ಹೈ ಫ್ರೀಕ್ವೆನ್ಸಿ, ದೊಡ್ಡಮ್ಮ.”

“ಸುಳ್ಳು ಹೇಳ್ಬೇಡ. ನಮ್ಮನೆಯವ್ರು ಹಡಗಲ್ಲಿ ರೇಡಿಯೋ ನೋಡ್ಕೋತಿದ್ರು. ದೂರದ ಹಡಗಿನ ಜೊತೆ ಮಾತಾಡೋದಕ್ಕೆ ಹಾಗಂತಿದ್ರು. ಅದನ್ನ ನನ್ನ ಬೋಳುತಲೆಗೆ ಹಚ್ತೀಯಾ?”

“ಅವ್ರದ್ದು ಗಾಳೀಲಿ ಹೋಗ್ತಿತ್ತು, ನನ್ನದು ತಲೆ ಮೇಲೆ ಹೋಗುತ್ತೆ. ಎರಡರಲ್ಲೂ ಕರೆಂಟು ಬೇಗ ಬೇಗ ನಡುಗುತ್ತೆ, ಅಷ್ಟೇ.”

ಹಿಕ್ಮತ್ ನಕ್ಕರು. ಕೊಳವೆ ನೆತ್ತಿಯಿಂದ ಕುತ್ತಿಗೆಗೆ ಇಳಿಯಿತು. ನಗು ಅರ್ಧಕ್ಕೇ ನಿಂತಿತು. ತುಟಿ ಬಿಳಿಚಿಕೊಂಡು ತಲೆ ಪಕ್ಕಕ್ಕೆ ವಾಲಿತು.

ಇನ್ಶಿರಾ ಗಾಬರಿಯಲ್ಲಿ, ಸ್ವಿಚ್ಚು ಕಣ್ಣಿಗೆ ಬೀಳದೆ ವಯರನ್ನೇ ಹಿಡಿದು ಕಿತ್ತಳು. ಉಸಿರಾಡಲು ಅನುವಾಗಲೆಂದು ಅವರ ಅಂಗಿಯ ಗುಂಡಿ ಬಿಚ್ಚಿದರೆ, ಎಡಭುಜದ ಕೆಳಗೆ, ಚರ್ಮದಡಿಯಲ್ಲಿ, ಬೆಂಕಿಪೊಟ್ಟಣದಂಥ ಗಟ್ಟಿ ಉಬ್ಬು ಕೈಗೆ ತಾಕಿತು. ಅವಳ ತಂದೆಗೂ ಅಂಥದ್ದೇ ಇತ್ತು: ಎದೆ ಬಡಿಯುವಂತೆ ಮಾಡುವ ಯಂತ್ರ. ಕೊಂದೇಬಿಟ್ಟೆ ಎಂದುಕೊಂಡಳು.

ಅಷ್ಟರಲ್ಲಿ ಹಿಕ್ಮತ್ ಕಣ್ಣು ಬಿಟ್ಟು, “ಯಾಕೆ ಗುಂಡಿ ಬಿಚ್ಚಿದೀಯ?” ಎಂದರು.

ಟ್ಯಾಕ್ಸಿಯಲ್ಲಿ ಆಸ್ಪತ್ರೆ ಸೇರುವವರೆಗೂ ಇನ್ಶಿರಾ ಅವರ ಕೈ ಬಿಡಲಿಲ್ಲ, ಮಾತು ನಿಂತರೆ ಸಾಕು, “ದೊಡ್ಡಮ್ಮ, ಇದೀರಾ?” ಎಂದು ಅಲುಗಾಡಿಸುತ್ತಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: “ನಿನ್ನ ಯಂತ್ರದ ನಡುಕಾನ ಇವರೊಳಗಿನ ಯಂತ್ರ ಎದೆಬಡಿತ ಅಂದ್ಕೊಂಡಿದೆ. ಎದೆ ತಾನೇ ಬಡ್ಕೋತಿದೆ ಅಂತ ಸುಮ್ಮನಾಗಿದೆ. ನೀನು ವಯರು ಕಿತ್ತಿದ್ದು ಒಳ್ಳೇದಾಯ್ತು. ಮೈಯೊಳಗೆ ಇಂಥ ಯಂತ್ರ ಇದೆಯಾ ಅಂತ ಮೊದಲೇ ಕೇಳ್ಬೇಕಿತ್ತು.”

“ನಾನೂ ಹೇಳ್ಬೇಕಿತ್ತು,” ಎಂದರು ಹಿಕ್ಮತ್. “ಅದಿರ್ಲಿ ಡಾಕ್ಟ್ರೇ, ಇವಳ ನಾಡಿ ನೋಡಿ. ನನಗಿಂತ ಮೊದ್ಲು ಇವಳೇ ಹೋಗೋ ಹಾಗಿದಾಳೆ.”

ಡಾಕ್ಟರು ಮಣಿಕಟ್ಟು ಹಿಡಿದು ನೋಡಿದರೆ, ನಾಡಿ ಹೆದರಿದ ಹಕ್ಕಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು.

ಯಂತ್ರ ಕಪಾಟಿನ ಮೇಲೇರಿತು. ಗಿರಾಕಿಗಳಲ್ಲಿ ಕೆಲವರು ಗೊಣಗಿದರು, ಕೆಲವರು ಬೇರೆ ಪಾರ್ಲರ್ ಹುಡುಕಿಕೊಂಡರು. ಹಿಕ್ಮತ್ ಮಾತ್ರ ತಿಂಗಳೊಳಗೇ ತಿರುಗಿ ಬಂದರು.

“ಇನ್ನೂ ಭಯಾನಾ?”

“ಇದೆ, ದೊಡ್ಡಮ್ಮ.”

“ಹಾಗಾದ್ರೆ ತಲೆಗೆ ಎಣ್ಣೆ ಹಚ್ಚು.”

ಇನ್ಶಿರಾ ಎಣ್ಣೆ ಬಿಸಿಗಿಟ್ಟಳು.