ಪಾರ್ಟಿಯ ಪುಟ

ಗುಬ್ಬಿಯಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುವವರೊಬ್ಬರ ಅಂಗಡಿ ಇದೆ. ನಾನು ಅಲ್ಲಿ ಟೈಪ್ ಮಾಡುತ್ತೇನೆ. ಮರಳೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುವುದು. ಕೆಲಸಕ್ಕೆ ಸೇರಿದ ಮೊದಲ ಸೋಮವಾರ ಯಜಮಾನರು ಒಳಗಿನಿಂದ ಕೂಗಿದರು: ‘ಏಯ್ ಪುಟ್ಟಿ, ಪಾರ್ಟಿ ಬಂದೈತೆ, ಕುರ್ಚಿ ಹಾಕು.’ ಹೊರಗೆ ನೋಡಿದರೆ ಕೋಲು ಹಿಡಿದ ಅಜ್ಜಿಯೊಬ್ಬರು ನಿಂತಿದ್ದರು. ಅಂದು ಸಂಜೆ ಡೈರಿಯ ಕೊನೆಯ ಪುಟಕ್ಕೆ ‘ಪಾರ್ಟಿ’ ಎಂದು ತಲೆಬರಹ ಕೊಟ್ಟು, ಕೆಳಗೆ ‘ಅಜ್ಜಿ’ ಎಂದು ಬರೆದು ಒಂದು ಗೀಟು ಹಾಕಿದೆ.

ಆಮೇಲೆ ಪುಟ ತುಂಬುವುದಕ್ಕೆ ಬಹಳ ದಿನ ಹಿಡಿಯಲಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಮಾತಾಡುತ್ತಿದ್ದರು.

‘ನಿಂದ್ಯಾವ ಪಾರ್ಟಿ ಕಣೋ?’

‘ಬೆಳಗ್ಗೆ ಇದ್ದದ್ದು ಹೇಳ್ಲಾ, ಈಗಿಂದು ಹೇಳ್ಲಾ?’

ಅದಕ್ಕೊಂದು ಗೀಟು. ಶನಿವಾರ ಮನೆಗೆ ಬಂದ ಬ್ರೋಕರ್ ಅಮ್ಮನಿಗೆ, ‘ಕುಣಿಗಲ್ ಕಡೆ ಪಾರ್ಟಿ ಒಂದೈತೆ ಕಣಕ್ಕ, ಒಬ್ನೇ ಮಗ’ ಎಂದರು. ಅದು ನನ್ನ ಮದುವೆಯ ಮಾತು. ಕಾಫಿ ಮುಗಿಯುವ ಮೊದಲೇ ಅವರಿಗೆ ಫೋನ್ ಬಂತು. ‘ಪಾರ್ಟಿ ಗಟ್ಟಿ ಐತೆ, ಯೋಚ್ನೆ ಮಾಡ್ಬೇಡಿ, ಮಾಲು ತೋರ್ಸಿ’ ಎಂದರು. ಅವರು ಕೊಬ್ಬರಿ ವ್ಯಾಪಾರವನ್ನೂ ಮಾಡಿಸುತ್ತಾರೆ. ಮಾಲು ಕೊಬ್ಬರಿಯೋ ನಾನೋ ಎಂದು ಕೇಳುವ ಧೈರ್ಯವಾಗದೆ ಎರಡು ಗೀಟು ಹಾಕಿದೆ. ಬುದ್ಧಿವಂತ ಮೋಸಗಾರನಿಗೆ ‘ಭಾರಿ ಪಾರ್ಟಿ’ ಎನ್ನುವುದು ಐದನೆಯದು. ಹುಟ್ಟುಹಬ್ಬದ ಕೇಕು ಆರನೆಯದು.

ಆರಕ್ಕೆ ಬಂದಾಗ ನಿಘಂಟು ತೆಗೆದೆ. ಈ ಪದ ಇಂಗ್ಲಿಷಿಗೆ ಫ್ರೆಂಚಿನಿಂದ ಬಂದಿದೆ. ಅಲ್ಲಿ ಅದರ ಮೂಲ ಅರ್ಥ ಭಾಗ ಮಾಡುವುದು. ಅದಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ ಪಾಲು. ಪಾಲಿನಿಂದ ಪಕ್ಷ, ಪಕ್ಷದಿಂದ ಕಕ್ಷಿಗಾರ, ಆಮೇಲೆ ಗುಂಪು. ಎಲ್ಲ ಆದ ಮೇಲೆ ಎಷ್ಟೋ ಕಾಲಕ್ಕೆ ಊಟ, ಕುಣಿತ. ಇದನ್ನು ಯಜಮಾನರಿಗೆ ಓದಿ ಹೇಳಿದೆ.

‘ಅಂದ್ರೆ ನಮ್ಮ ಅಂಗ್ಡೀಲಿ ನಡೆಯೋದೇ ಒರಿಜಿನಲ್ಲು’ ಎಂದು ಅವರು ಸಂತೋಷಪಟ್ಟರು. ‘ಕೇಕ್ ಕಟ್ ಮಾಡೋದೆಲ್ಲ ಡೂಪ್ಲಿಕೇಟು ಬುಡು.’

ಆ ಒರಿಜಿನಲ್ಲು ಕಳೆದ ಮಾಗಿಯಲ್ಲಿ ನಮ್ಮ ಮನೆಗೇ ಬಂತು. ಊರಿನ ತೆಂಗಿನ ತೋಟವನ್ನು ಅಪ್ಪ ಮತ್ತು ಕುಣಿಗಲ್ಲಿನಲ್ಲಿ ಮೇಷ್ಟರಾಗಿರುವ ಚಿಕ್ಕಪ್ಪ ಭಾಗ ಮಾಡಿಕೊಳ್ಳಬೇಕಾಗಿತ್ತು. ಜಗಳವೇನೂ ಇರಲಿಲ್ಲ, ಖಾತೆ ಇನ್ನೂ ತಾತನ ಹೆಸರಿನಲ್ಲೇ ಇತ್ತು, ಅಷ್ಟೆ. ನಮ್ಮಲ್ಲಿ ಪದ್ಧತಿ ಹೀಗೆ: ಅಣ್ಣ ಎರಡು ಪಾಲು ಮಾಡಬೇಕು, ತಮ್ಮ ಮೊದಲು ಆರಿಸಿಕೊಳ್ಳಬೇಕು. ಹಿರಿಯರ ಮುಂದೆ ತಮ್ಮ ವೀಳ್ಯದೆಲೆ ಎತ್ತಿದ ಮೇಲೆ ಮಾತು ಬದಲಿಸುವಂತಿಲ್ಲ.

ತೋಟದ ಒಂದು ಕಡೆ ರಸ್ತೆ, ಬೋರ್‌ವೆಲ್, ಪಂಪ್‌ಮನೆ. ಇನ್ನೊಂದು ಕಡೆ ಒಣಗಿದ ಬಾವಿ.

‘ಬಾವಿ ಕಡೇದು ನಂಗೆ ಬಂದ್ರೆ ಸಾಕು’ ಎಂದು ಅಪ್ಪ ಒಂದು ದಿನ ನನ್ನ ಹತ್ತಿರ ಹೇಳಿದರು. ‘ಚಿಕ್ಕಪ್ಪಂಗೆ ಹೇಳ್ಬೇಡ.’

‘ಕೇಳಿದ್ರೆ ಕೊಡಲ್ವಾ?’

‘ಕೇಳೋಹಂಗಿಲ್ಲ ಕಣವ್ವ. ಪಾಲು ಮಾಡೋನು ಆಸೆ ತೋರ್ಸ್ಬಾರ್ದು. ತೋರ್ಸಿದ್ರೆ ಅವ್ನು ಆರಿಸ್ಕಂಡಂಗಾಗುತ್ತಾ?’

ಹೀಗಾಗಿ ಅಪ್ಪ ಆಸೆ ತೋರಿಸದೆ ಕೆಲಸಕ್ಕಿಳಿದರು. ಭಾನುವಾರ ಬಂತೆಂದರೆ ಊರಿಗೆ ಹೋಗಿ, ಗಡಿಯ ಗೂಟಗಳನ್ನು ಕಿತ್ತು ಬಾವಿಯ ಕಡೆಗೆ ಇನ್ನೊಂದು ಸಾಲು ಮರದಷ್ಟು ಸರಿಸಿ ನೆಟ್ಟು ಬರುವರು. ರಸ್ತೆಯ ಪಾಲು ಬೆಳೆಯುತ್ತಾ ಹೋಯಿತು. ಅದನ್ನು ಬಿಟ್ಟು ತಮ್ಮ ಇನ್ನೊಂದನ್ನು ಮುಟ್ಟಲಾರ ಎನ್ನುವುದು ಅಪ್ಪನ ಲೆಕ್ಕ. ಪಕ್ಕದವರ ಜಮೀನು ಒತ್ತುವರಿ ಮಾಡಿದವರ ಕಾಗದಗಳನ್ನು ನಾನು ಬೇಕಾದಷ್ಟು ಟೈಪ್ ಮಾಡಿದ್ದೇನೆ. ತನ್ನ ಜಮೀನನ್ನು ತಾನೇ ಒತ್ತುವರಿ ಮಾಡಿದವರನ್ನು ಕಂಡದ್ದು ಆಗಲೇ.

ಆರಿಸುವ ದಿನ ಅಪ್ಪನ ಸೋದರಮಾವ ಹಿರಿಯರಾಗಿ ಕೂತರು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟಿತ್ತು.

‘ಏನ್ಲಾ, ಯಾವ್ದು?’

‘ಬಾವಿ ಕಡೇದು’ ಎಂದರು ಚಿಕ್ಕಪ್ಪ.

ಅಪ್ಪ ಕೆಮ್ಮಿದರು. ಮಾವ ಮುಂದಕ್ಕೆ ಬಾಗಿದರು. ‘ಲೇ, ಕಣ್ಬುಟ್ಟು ನೋಡ್ಲಾ. ರಸ್ತೆ ಕಡೆ ಬೋರೈತೆ, ಪಂಪ್‌ಮನೆ ಐತೆ, ಮರ ಜಾಸ್ತಿ ಐತೆ. ಆ ಕಡೆ ಏನೈತೆ, ಹಲ್ಲಿ ಓಡಾಡೋ ಬಾವಿ!’

‘ನೋಡಿದೀನಿ ಮಾವ’ ಎಂದು ಚಿಕ್ಕಪ್ಪ ಎಲೆ ಎತ್ತಿಯೇ ಬಿಟ್ಟರು.

ಭಾಗವಾದ ದಿನ ಎಲ್ಲರೂ ಒಂದೇ ಪಾತ್ರೆಯದು ಉಣ್ಣಬೇಕೆನ್ನುವುದೂ ಪದ್ಧತಿ. ಅಪ್ಪ ಮುದ್ದೆ ಮುರಿದು ಹಾಗೇ ಕೂತಿದ್ದರು. ಚಿಕ್ಕಪ್ಪನ ಮಗಳು, ‘ದೊಡ್ಡಪ್ಪಂಗೆ ಲಾಟ್ರಿ ಹೊಡೀತು, ಪಾರ್ಟಿ ಕೊಡ್ಸ್ಬೇಕು’ ಎಂದಳು.

‘ಇದೇ ಪಾರ್ಟಿ ಕಣವ್ವ, ಉಣ್ಣು’ ಎಂದರು ಅಪ್ಪ. ಡೈರಿಯಲ್ಲಿ ಇದನ್ನು ಯಾವ ಗೀಟಿಗೆ ಸೇರಿಸಬೇಕೋ ಇವತ್ತಿಗೂ ತಿಳಿದಿಲ್ಲ.

ಕೈ ತೊಳೆಯುವ ಕಡೆ ಅಪ್ಪ ತಡೆಯಲಾರದೆ ಕೇಳಿದರು. ‘ಲೋ, ಅದನ್ನ್ಯಾಕ್ಲಾ ತಗಂಡೆ?’

‘ರಸ್ತೆ ಕಡೇದು ನಿಂಗ್ಬೇಕು ಅಂತ ಗೊತ್ತಾಗಲ್ವಾ? ಇಲ್ದಿದ್ರೆ ಗೂಟ ಅಷ್ಟು ದೂರ ಯಾಕೆ ಸರಿಸ್ತಿದ್ದೆ?’ ಎಂದರು ಚಿಕ್ಕಪ್ಪ. ‘ಅದೂ ಅಲ್ದೆ ನಾನು ಈಜು ಕಲ್ತಿದ್ದು ಆ ಬಾವೀಲಿ. ನೀನೇ ಸೊಂಟಕ್ಕೆ ಒಣ ತೆಂಗಿನಕಾಯಿ ಕಟ್ಟಿ ತಳ್ದೆ.’

‘ನಾನೆಲ್ಲಿ ತಳ್ದೆ? ನೀನೇ ಜಾರ್ದೆ.’

‘ತಳ್ದೆ ಅಣ್ಣ.’

‘ಜಾರ್ದೆ ಕಣಲೇ.’

ಜಗಲಿಯಿಂದ ಮಾವ ಕೂಗಿದರು. ‘ಎಲ್ರೂ ಜಗಳ ಆಡಿ ಆಮೇಲೆ ಭಾಗ ಆಗ್ತಾರೆ. ನಿಮ್ದೇನ್ಲಾ ಉಲ್ಟಾ?’

ಆಗ ಅಪ್ಪ ಬಾಯಿಬಿಟ್ಟರು: ‘ನಂಗೂ ಅದೇ ಬೇಕಾಗಿತ್ತು.’ ಆದರೆ ಎಲೆ ಎತ್ತಿ ಆಗಿತ್ತು.

ಬುಧವಾರ ಇಬ್ಬರೂ ನಮ್ಮ ಅಂಗಡಿಗೆ ಬಂದರು. ಯಜಮಾನರು ಅಭ್ಯಾಸಬಲದಿಂದ, ‘ಪುಟ್ಟಿ, ಪಾರ್ಟಿ ಬಂದೈತೆ’ ಎಂದು ಕೂಗಿ, ಆಮೇಲೆ ಯಾರೆಂದು ನೋಡಿ ತಾವೇ ಕುರ್ಚಿ ಹಾಕಿದರು. ನಾನು ಒಂದನೇ ಪಾರ್ಟಿ ಎಂದು ಅಪ್ಪನನ್ನೂ ಎರಡನೇ ಪಾರ್ಟಿ ಎಂದು ಚಿಕ್ಕಪ್ಪನನ್ನೂ ಟೈಪ್ ಮಾಡಿದೆ. ಪಾಲುಪಟ್ಟಿ ಮುಗಿಯುವಷ್ಟರಲ್ಲಿ ಚಿಕ್ಕಪ್ಪ, ‘ಇನ್ನೊಂದು ಸಾಲು ಸೇರ್ಸು ಮಗಾ. ಬಾವಿ ಇಬ್ರಿಗೂ ಸೇರಿದ್ದು, ಅಣ್ಣ ಹೋಗ್ಬರಕ್ಕೆ ದಾರಿ ಬುಟ್ಟೈತೆ ಅಂತ’ ಎಂದರು.

‘ನೀರೇ ಇಲ್ವಲ್ಲ ಸ್ವಾಮಿ’ ಎಂದರು ಯಜಮಾನರು. ‘ಅಲ್ಲಿ ಹೋಗಿ ಏನ್ ಮಾಡ್ತೀರಾ?’

‘ಕೂತ್ಕತೀವಿ’ ಎಂದರು ಅಪ್ಪ.

‘ಕೂತ್ಕಳಕ್ಕೆ ಹಕ್ಕು ಅಂತ ಪತ್ರದಲ್ಲಿ ಬರೆಯಕ್ಕಾಗಲ್ಲ.’

‘ಹಂಗಾದ್ರೆ ನೀರು ಬಂದಾಗ ಅಂತ ಬರೀರಿ.’

ಹಾಗೆಯೇ ಬರೆದೆ. ಅಪ್ಪ ಕನ್ನಡಕ ಹಾಕಿಕೊಂಡು ಆ ಒಂದು ಸಾಲನ್ನು ಮಾತ್ರ ಓದಿದರು. ಉಳಿದದ್ದಕ್ಕೆಲ್ಲ ಓದದೆ ಸಹಿ ಹಾಕಿದರು. ಎದುರಿನ ಕಚೇರಿಯಲ್ಲಿ ಕರೆಯುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತು, ತಳ್ಳಿದ್ದೋ ಜಾರಿದ್ದೋ ಎಂದು ಮತ್ತೆ ಶುರು ಮಾಡಿದರು. ಕೊನೆಗೆ ಕಿಟಕಿಯಿಂದ ಒಬ್ಬರು ತಲೆ ಹಾಕಿ, ‘ಪಾಲುಪಟ್ಟಿ ಪಾರ್ಟಿ ಯಾರ್ರೀ?’ ಎಂದು ಕೂಗಿದರು.

‘ನಾವೇ’ ಎಂದು ಇಬ್ಬರೂ ಒಟ್ಟಿಗೆ ಎದ್ದರು.