ಕಲ್ಲು ತಟ್ಟಿ ಕೇಳುವ ಮನೆ

ಶಹಾಬಾದಿನ ಖಣಿಯಿಂದ ಬಂದ ಫರಸಿಗಳನ್ನು, ಅಂದರೆ ನೆಲಕ್ಕೆ ಹಾಸುವ ಕಲ್ಲುಗಳನ್ನು, ಅಪ್ಪ ಬರೀ ನೋಡಿ ಒಪ್ಪುತ್ತಿರಲಿಲ್ಲ. ಸಣ್ಣ ಸುತ್ತಿಗೆಯಿಂದ ಎರಡು ಸಲ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದ. ಠಣ್ ಎಂದರೆ "ಸಾಬೂತ ಅದ", ಬಿರುಕಿಲ್ಲ ಎಂದರ್ಥ. ದಬ್ ಎಂದರೆ ಪಕ್ಕಕ್ಕೆ. ನಾನು ತಾಳ ಕಲಿತದ್ದು ಅಲ್ಲೇ. ಬೇರೆ ಗುರು ಇರಲಿಲ್ಲ, ಇದ್ದಿದ್ದರೂ ಅವರ ಮಾತು ಕೇಳುವ ಪೈಕಿ ನಾನಲ್ಲ.

ತೊಂಬತ್ತರ ದಶಕದಲ್ಲಿ ವಾಡಿಯಲ್ಲಿ ರೈಲು ಹತ್ತಿ ಮುಂಬೈಗೆ ಹೋದೆ. ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನಾದೆ. ನಮ್ಮ ಕ್ಯಾಸೆಟ್ಟು ಜೋರಾಗಿ ಓಡಿತು, ಟೀವಿಯಲ್ಲೂ ಬಂದೆವು. ಊರಲ್ಲಿ ಮಾತ್ರ ಬ್ಯಾಂಡ್ ಅಂದರೆ ಮದುವೆಯ ಬ್ಯಾಂಡೇ. ಒಮ್ಮೆ ಮನೆಗೆ ಬಂದಾಗ ಸೇಡಂನ ಸೋದರಮಾವ ಕೇಳಿದ, "ಮಗಳ ಮದಿವಿ ಅದ, ನಿಮ್ಮ ಮಂದೀನ ಕರ್ಕೊಂಡ ಬಾ. ಕೆಂಪ ಕೋಟ ಅವ ಇಲ್ಲೊ?"

ಅಪ್ಪ ನಕ್ಕ. "ಅಂವಾ ಕುಂತು ಬಾರಸ್ತಾನ, ಮೆರವಣಿಗ್ಯಾಗ ಹ್ಯಾಂಗ ನಡೀತಾನ?"

ನನಗೆ ಆಗ ಮೂಗಿನ ತುದಿಗೆ ಸಿಟ್ಟು ಬಂದಿತ್ತು. ಈಗ ಆ ಮದುವೆಗೆ ಬಾರಿಸಬೇಕಿತ್ತು ಅನಿಸುತ್ತದೆ.

ಹತ್ತು ವರ್ಷ ಆ ಗದ್ದಲದ ನಡುವೆ ಕೂತದ್ದಕ್ಕೆ ಎಡಗಿವಿ ಕೈಕೊಟ್ಟಿತು, ಬಲಗಿವಿ ಅರ್ಧಂಬರ್ಧ ಉಳಿಯಿತು. ತಾಳ ತಪ್ಪತೊಡಗಿತು. ಗೆಳೆಯರು ನನ್ನ ಜಾಗದಲ್ಲಿ ಬೇರೊಬ್ಬನನ್ನು ಕೂರಿಸಿದರು. ಊರಿಗೆ ಬಂದು "ಸಾಕಾತು, ಇನ್ನ ಇಲ್ಲೇ ಇರ್ತೀನಿ" ಎಂದೆ. ಕಿವಿಯ ವಿಷಯ ಬಾಯಿ ಬಿಡಲಿಲ್ಲ. ಅಪ್ಪನಿಗೆ ಭಾರಿ ಖುಷಿ. ಮರುದಿನವೇ ತನ್ನ ಸುತ್ತಿಗೆಯನ್ನು ನನ್ನ ಕೈಗಿಟ್ಟ.

ಒಂದು ವಾರ ತಟ್ಟಿದೆ. ಎಲ್ಲ ಕಲ್ಲೂ ನನಗೆ ಒಂದೇ ಥರ ಕೇಳಿಸುತ್ತಿದ್ದವು. ಅಂದಾಜಿನ ಮೇಲೆ "ಸಾಬೂತ ಅದ" ಎನ್ನುತ್ತಾ ಹೋದೆ. ಚಿಂಚೋಳಿಗೆ ಹೊರಟ ಲಾರಿಗೆ ಏರಿಸುವಾಗ ಒಂದು ಫರಸಿ ಹಮಾಲರ ಕೈಯಲ್ಲೇ ಎರಡು ಹೋಳಾಯಿತು. ಒಂದು ಗೇಣು ಈಚೆ ಬಿದ್ದಿದ್ದರೆ ಒಬ್ಬನ ಪಾದ ಜಜ್ಜಿಹೋಗುತ್ತಿತ್ತು. ಸುತ್ತಿಗೆಯನ್ನು ಅಪ್ಪನ ಮುಂದಿಟ್ಟು, "ನಂಗ ಕೇಳಸಂಗಿಲ್ಲಪ್ಪಾ. ಎಡಗಿವಿ ಪೂರಾ ಹೋಗ್ಯದ. ಸುಳ್ಳ ಹೇಳ್ಲಿಕತ್ತಿದ್ದೆ" ಎಂದು ಹಮಾಲರ ಎದುರೇ ಅತ್ತುಬಿಟ್ಟೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಅಪ್ಪ ನನ್ನ ಹಿಂದೆ ಬಂದು ನಿಂತ. ಬೆರಳಿನ ಗೆಣ್ಣಿನಿಂದ ಬೆನ್ನ ಮೇಲೆ ಎರಡು ಸಲ ತಟ್ಟಿದ. ಎಡಭುಜದ ಹತ್ತಿರ ಬಗ್ಗಿ ಏನೋ ಅಂದ ಹಾಗಾಯಿತು.

"ಏನಂದಿ?" ಎಂದೆ.

ಅಪ್ಪ ನಿಧಾನವಾಗಿ ಸುತ್ತಿಕೊಂಡು ನನ್ನ ಬಲಕ್ಕೆ ಬಂದ.

"ಸಾಬೂತ ಅದ," ಎಂದ.

ಆಮೇಲೆ ಅವನು ಇರುವತನಕ, ಎಲ್ಲಿಗೆ ಹೋದರೂ ನನ್ನ ಬಲಕ್ಕೇ ನಡೆಯುತ್ತಿದ್ದ.